ಕೇಳದೆ ಕೊಟ್ಟ ಸೇತುವೆ

ಅಂದಿನ ರಾಜಧಾನಿ ವಂಡೇಲಿಯಾದ ಶಾಸನಸಭೆಯಲ್ಲಿ ಮಾತಿಗೆ ಎದ್ದ ಲೆಮ್ಯುಯೆಲ್ ಹಾಸ್ಕ್ ಮೊದಲು ನೋಡಿದ್ದು ಸಭಾಧ್ಯಕ್ಷರನ್ನಲ್ಲ, ಮೇಲೆ ಗ್ಯಾಲರಿಯಲ್ಲಿ ಕುಳಿತ ಕೆಜಾಯಾ ರಡ್‌ಳನ್ನು. ಅವಳೂ ಅವನಿಗಾಗಿಯೇ ಬಂದಿದ್ದಳು. ನೀಲಿ ಟೋಪಿಯ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ನಕ್ಕಳು.

"ಮಹನೀಯರೇ, ರಾಷ್ಟ್ರೀಯ ರಸ್ತೆ ಇಲ್ಲಿಂದ ಆಲ್ಟನ್‌ಗೆ ಹೋಗಬೇಕು ಅನ್ನೋರಿಗೆ ತಲೆ ಕೆಟ್ಟಿದೆ! ಅದು ಸೇಂಟ್ ಲೂಯಿಸ್‌ಗೆ ಹೋಗಲಿ, ರಡ್ ಕಡವಿನ ಮೇಲೇ ಹೋಗಲಿ. ಆ ಹೊಳೆಗೆ ಕಲ್ಲಿನ ಸೇತುವೆ ಬರಲಿ!"

ಆಲ್ಟನ್ ಕಡೆಯ ಮುದುಕನೊಬ್ಬ ತಂಬಾಕು ಉಗಿದು, "ಆ ಕಡವಿನಲ್ಲಿ ಯಾರಿದ್ದಾರಪ್ಪಾ ನಿಂಗೆ?" ಎಂದ. ಸಭೆ ಘೊಳ್ಳೆಂದು ನಕ್ಕಿತು. ಲೆಮ್ ಕಿವಿಯವರೆಗೂ ಕೆಂಪಾಗಿ ಮೇಲೊಂದು ಕಳ್ಳನೋಟ ಬೀರಿದ. ಪಕ್ಕದ ಹೆಂಗಸು ಕೆಜಾಯಾಳನ್ನು ತಿವಿದಳು. "ಹುಡುಗ ನಿಂಗೋಸ್ಕರ ಸೇತುವೇನೇ ಕಟ್ಟಿಸ್ತಿದಾನಲ್ಲೇ!"

ಕೆಜಾಯಾಳಿಗೆ ಮೈಯೆಲ್ಲ ಉರಿದುಹೋಯಿತು. ರಡ್ ಕಡವು ಅವಳದು. ಅಪ್ಪ ಸತ್ತ ಮೇಲೆ ಗಾಡಿ, ಕುದುರೆ, ದನ, ಪಾದ್ರಿ ಎಲ್ಲರನ್ನೂ ಅಲ್ಲಿ ದೋಣಿಗೆ ಹತ್ತಿಸಿ, ದಡದಿಂದ ದಡಕ್ಕೆ ಕಟ್ಟಿದ ಹಗ್ಗ ಎಳೆದು ಹೊಳೆ ದಾಟಿಸುತ್ತಿದ್ದವಳು ಅವಳೇ.

ವಿರಾಮದಲ್ಲಿ ಮೆಟ್ಟಿಲ ಬಳಿ ಅವನನ್ನು ಹಿಡಿದಳು.

"ಹೇಗಿತ್ತು ಭಾಷಣ?" ಎಂದು ಅವನು ಹಲ್ಲು ಕಿರಿದ.

"ನನ್ನ ಅನ್ನಕ್ಕೆ ಕಲ್ಲು ಹಾಕಿ ಹೇಗಿತ್ತು ಅಂತೀಯಲ್ಲ! ಸೇತುವೆ ಬಂದ್ಮೇಲೆ ನನ್ನ ದೋಣಿ ಯಾರು ಹತ್ತುತಾರೆ? ಮೀನುಗಳಾ?"

ಅವನ ನಗು ಅಲ್ಲೇ ಸತ್ತಿತು. ಪಾಪ, ಅದು ಅವನ ತಲೆಗೆ ಹೊಳೆದೇ ಇರಲಿಲ್ಲ. "ನಾನು... ನಿಂಗೋಸ್ಕರನೇ ಕಣೇ, ಕೆಜಾಯಾ."

"ನನ್ನ ಒಂದು ಮಾತು ಕೇಳಿದ್ಯಾ?" ಎಂದು ಅವಳು ಮುಖ ತಿರುಗಿಸಿ ಹೊರಟಳು.

ಸೇತುವೆಯ ಮಸೂದೆಯನ್ನು ಮತಕ್ಕೆ ಹಾಕಿದರು. ಹೆಸರು ಕೂಗಿದಂತೆ ಒಬ್ಬೊಬ್ಬರೂ ಎದ್ದು ಎಲ್ಲರಿಗೂ ಕೇಳುವಂತೆ ಹೌದು, ಇಲ್ಲ ಅನ್ನಬೇಕು. ಲೆಮ್‌ನ ಸರದಿ ಬಂತು. ಗ್ಯಾಲರಿಯತ್ತ ನೋಡಿದ. ಮಾಲೆ ಹಾಕಿಸಿಕೊಳ್ಳಲು ಬಂದವನಂತೆ ಎದೆ ಸೆಟೆಸಿ, "ಇಲ್ಲ!" ಎಂದ.

ಅವನ ಒಂದು ಮತದಿಂದಲೇ ಮಸೂದೆ ಬಿತ್ತು. ಅವನ ಜಿಲ್ಲೆಯವರು "ದ್ರೋಹಿ!" ಎಂದು ಮುಷ್ಟಿ ಎತ್ತಿದರು. ಕೆಜಾಯಾ ಯಾರ ಮುಖವನ್ನೂ ನೋಡದೆ ಎದ್ದು ಹೋದಳು.

ಮಾರನೆಯ ಮಧ್ಯಾಹ್ನ ಲೆಮ್ ಊರಿಗೆ ಹೊರಟು ಕಡವಿಗೆ ಬಂದು ಗಂಟೆ ಬಾರಿಸಿದ. ಹೊಳೆ ದಾಟಲು ಬೇರೆ ದಾರಿಯೇ ಇರಲಿಲ್ಲವಲ್ಲ! ಅವಳು ದೋಣಿ ತಂದಳು. ಅವನು ಹತ್ತಿದ. ಹೊಳೆಯ ನಡುವೆ ಅವಳು ಹಗ್ಗ ಬಿಗಿದು ಕಟ್ಟಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಿಂಗೋಸ್ಕರ ಇಲ್ಲ ಅಂದೆ. ಇನ್ನೂ ಸಿಟ್ಟಾ?"

"ಇಮ್ಮಡಿ ಸಿಟ್ಟು! ಹೊಳೆ ಉಕ್ಕಿದರೆ ದೋಣಿ ಬಿಡೋಕಾಗಲ್ಲ. ಹೋದ ವಸಂತದಲ್ಲಿ ಡಾಕ್ಟರು ಹೊಳೆ ದಾಟೋಕಾಗದೆ ಆ ದಡದ ಬಸುರಿಯೊಬ್ಬಳು ಸತ್ತಳು. ನಾನು ಈ ದಡದಲ್ಲಿ ಹಗ್ಗ ಹಿಡ್ಕೊಂಡು ಅಳ್ತಿದ್ದೆ. ಸೇತುವೆ ಬೇಕು ಅಂತ ನಂಗೆ ಗೊತ್ತಿಲ್ವಾ? ನಿನ್ನೆ ನನ್ನ ಕೇಳದೆ ಕೊಟ್ಟೆ, ಆಮೇಲೆ ನನ್ನ ಕೇಳದೆ ಕಿತ್ಕೊಂಡೆ. ಊರಿನ ಸೇತುವೆ ಏನು ನನ್ನ ತಲೆಗೆ ಕಟ್ಟೋ ರಿಬ್ಬನ್ನಾ?"

ಲೆಮ್ ತಲೆ ತಗ್ಗಿಸಿದ. ಅವಳ ಅಂಗೈಯ ಹಗ್ಗದ ಗೆರೆಗಳನ್ನೇ ನೋಡುತ್ತಿದ್ದ. ಆ ಕೈಯನ್ನು ಹಿಡಿಯಬೇಕು ಎಂದು ಎಷ್ಟು ದಿನದಿಂದ ಆಸೆಯಿತ್ತು ಅವನಿಗೆ!

"ಹಾಗಾದ್ರೆ ನಿಂಗೇನು ಬೇಕು?" ಎಂದ ಕೊನೆಗೆ, ಮೆಲ್ಲಗೆ.

"ಅಬ್ಬಾ! ಕೊನೆಗೂ ಕೇಳೋ ಬಾಯಿ ಬಂತು. ಮುಂದಿನ ಅಧಿವೇಶನದಲ್ಲಿ ಸೇತುವೆ ಮತ್ತೆ ತಾ. ಊರಿಗೋಸ್ಕರ ತಾ. ಸೇತುವೆಯ ಪಕ್ಕ ನಾನು ದಾರಿಹೋಕರಿಗೆ ಊಟದ ಮನೆ ಇಡ್ತೀನಿ. ಅಡುಗೆ ನಂಗೆ ಬರಲ್ಲ."

"ನಂಗೆ ಬರುತ್ತೆ."

"ನಿನ್ನನ್ನ ಯಾರು ಕರೆದರು?"

ದೋಣಿ ತೂಗಿತು. ಲೆಮ್ ಟೋಪಿ ತೆಗೆದ. "ಕರೀಲಿಲ್ಲ. ಅದಕ್ಕೇ ಕೇಳ್ತಿದೀನಿ. ಬರಲಾ, ಕೆಜಾಯಾ? ನಿನ್ನ ಗಂಡನಾಗಿ?"

ಅವಳು ಮೂಗು ಒರೆಸಿಕೊಂಡು ಏನೋ ಗೊಣಗಿದಳು.

"ಗಟ್ಟಿಯಾಗಿ ಹೇಳೇ. ಸಭೆಗೆ ಕೇಳಿಸಲಿಲ್ಲ."

"ಹೌದು!" ಎಂದು ಎರಡೂ ದಡಕ್ಕೆ ಕೇಳುವಂತೆ ಕಿರುಚಿದಳು, ಇನ್ನೂ ಸಿಟ್ಟಿನಲ್ಲೇ. "ಈಗ ಸುಮ್ಮನೆ ಹಗ್ಗ ಎಳಿ."