ಅವನ ಫೋನಿನ ಅರ್ಧ ಸಾಲುಗಳು

"ಏನ್ರೀ, ಸ್ವಲ್ಪ ನಿಲ್ರಿ."

ಬೈಕಿನ ಕಡೆ ಹೊರಟಿದ್ದ ಯುವಕ ಗಕ್ಕನೆ ನಿಂತ. ಕುಕನೂರಿನ ಬಸ್‌ಸ್ಟ್ಯಾಂಡ್ ಎದುರಿನ ಆನ್‌ಲೈನ್ ಸೆಂಟರಿನಲ್ಲಿ, ಕಂಪ್ಯೂಟರ್ ಮುಂದೆ ಕುಳಿತಿದ್ದ ಹುಡುಗಿ ಹೇಮಾ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಯಾಕ್ರಿ, ಏನರ ಮರ್ತೀನೇನು?"

"ನಿಮ್ಮ ವಾಟ್ಸಾಪ್ ನನ್ನ ಕಂಪ್ಯೂಟರ್‌ನ್ಯಾಗ ತಗದು ಬಿಟ್ಟು ಹೊಂಟೀರಿ. ನಿಮ್ಮ ಮೆಸೇಜೆಲ್ಲ ನನ್ನ ಮುಂದ ಬಂದು ಬೀಳಾಕತ್ಯಾವ. ಲಾಗೌಟ್ ಮಾಡದ ಹೋದ್ರ, ನಾಳೆ ಈ ಕುರ್ಚಿ ಮ್ಯಾಲೆ ಯಾರು ಕುಂತಿರ್ತಾರೋ ನಿಮಗ ಗೊತ್ತೈತೇನು?"

ಅವನು ಮರಳಿ ಬಂದ. ತಪ್ಪು ಮಾಡಿದ ಮುಖ ಮಾಡುವ ಬದಲು ನಕ್ಕ! ಆ ನಗು ಕಂಡು ಹೇಮಾಳ ಸಿಟ್ಟು ಏರಬೇಕಿತ್ತು. ಏರಲಿಲ್ಲ. ಎದೆ ಮಾತ್ರ ಸುಮ್ಮಸುಮ್ಮನೆ ಡವಡವ ಅಂದಿತು.

"ನೀವು ಓದಿದ್ರೇನು?"

"ಮಂದಿ ಮಾತು ಕದ್ದು ಓದೋ ಚಟ ನನಗಿಲ್ರಿ."

ಎಂಥ ಗತ್ತು ಅಂತೀರಿ! ಪಾಪ, ತನ್ನ ಮನಸ್ಸಿನ ಪರಿಚಯ ಅವಳಿಗೆ ಇನ್ನೂ ಆಗಿರಲಿಲ್ಲ.

ಯುವಕನ ಹೆಸರು ಯಂಕೇಶ. ಊರು ಹನುಮಸಾಗರ, ನೌಕರಿ ಕುಕನೂರಿನ ಪಶು ದವಾಖಾನೆಯಲ್ಲಿ. ಲಸಿಕೆ ಹಾಕಿದ ವರದಿಗಳನ್ನು ಪ್ರಿಂಟ್ ತೆಗೆಸಲು ಸೆಂಟರಿಗೆ ಬರುತ್ತಿದ್ದ. ಬರಬರುತ್ತ ವರದಿ ಇಲ್ಲದ ದಿನವೂ ಬರತೊಡಗಿದ. ಹೇಮಾಳ ಮನೆಯ ಎಮ್ಮೆಗೆ ಸೂಜಿ ಹಾಕಲು ಬಂದವನು, ಅಂಗಳದಲ್ಲಿ ಚಹಾ ಕುಡಿಯುತ್ತಲೇ ಅವಳಪ್ಪ ಹೊನ್ನೂರಪ್ಪನ ಮನಸ್ಸನ್ನೂ ಗೆದ್ದ. ಗೊತ್ತಿದ್ದ ಬಳಗವೇ. ಹಿರಿಯರು ಕೂತು ಮಾತು ಮುಗಿಸಿದರು. ದೀಪಾವಳಿ ಕಳೆದ ಮೇಲೆ ಮದುವೆ ಎಂದಾಯಿತು.

ಆಮೇಲೆ ಯಂಕೇಶ ಲಾಗೌಟ್ ಮಾಡುವುದನ್ನೇ ಬಿಟ್ಟ.

"ನಿನ್ನ ಕಂಪ್ಯೂಟರ್ ಅಲ್ಲೇನು, ಇರ್ಲಿ ಬಿಡು. ನಾ ದವಾಖಾನಿಯಿಂದನ ಕಾಗದ ಕಳಸ್ತೀನಿ, ನೀ ಪ್ರಿಂಟ್ ತಗದಿಡು" ಅಂದ.

ಬಂಗಾರದ ಸರ ಕೊಟ್ಟಿದ್ದರೂ ಹೇಮಾಳಿಗೆ ಅಷ್ಟು ಖುಷಿ ಆಗುತ್ತಿರಲಿಲ್ಲ. ಬೇಕಾದ ಕಾಗದ ತೆಗೆದುಕೊಂಡು, ಬೇರೆ ಯಾವುದನ್ನೂ ಮುಟ್ಟದೆ ಮುಚ್ಚಿಬಿಡುತ್ತಿದ್ದಳು. ಅಷ್ಟರ ಮಟ್ಟಿಗೆ ಅವಳು ಮಾತು ಉಳಿಸಿಕೊಂಡಳು.

ಅಜ್ಜಿ ಮುದುಕವ್ವ ಮಾತ್ರ ಒಂದು ಕಟ್ಟಳೆ ಹಾಕಿದಳು. "ಇನ್ನ ಅವನ ಹೆಸರ ಹಿಡದು ಮಾತಾಡಬ್ಯಾಡ. ಕಟ್ಟಿಕೊಳ್ಳೋ ಗಂಡನ ಹೆಸರ ಹೆಂಗಸರ ಬಾಯಾಗ ಬರಬಾರದು."

ಹೇಮಾ ನಗುತ್ತಲೇ ಒಪ್ಪಿಕೊಂಡಳು. ಅವನನ್ನು "ರೀ" ಎಂದು ಕರೆಯುವುದರಲ್ಲೂ ಒಂದು ರುಚಿ ಇತ್ತು.

ಹೀಗಿರುವಾಗ ಒಂದು ಮಧ್ಯಾಹ್ನ... ಅವನ ವರದಿ ಹುಡುಕುತ್ತಿದ್ದ ಹೇಮಾಳ ಕಣ್ಣೆದುರೇ ಹೊಸದೊಂದು ಮೆಸೇಜ್ ಬಂದು ಮೇಲೆ ಕೂತಿತು. ಹೆಸರು, 'ರೂಪಾ ಕುಷ್ಟಗಿ'.

"ಯಂಕೇಶ, ನಿನ್ನ ಬಿಟ್ರ ನನಗ ಯಾರದಾರ..."

ಸಾಲು ಅಲ್ಲಿಗೇ ತುಂಡಾಗಿತ್ತು. ಮುಂದಿನದು ಬೇಕೆಂದರೆ ಮೆಸೇಜನ್ನು ತೆರೆಯಬೇಕು. ತೆರೆದರೆ ಆ ಕಡೆ ನೀಲಿ ಟಿಕ್ ಬೀಳುತ್ತದೆ. ಯಂಕೇಶನಿಗೆ ಗೊತ್ತಾಗುತ್ತದೆ. ದಿನವಿಡೀ ಮಂದಿಗೆ ಇದನ್ನೆಲ್ಲ ಹೇಳಿಕೊಡುವ ಹೇಮಾ ಅಂಥ ತಪ್ಪು ಮಾಡುವಳೇ? ಅವಳು ತೆರೆಯಲಿಲ್ಲ. ಅರ್ಧ ಸಾಲನ್ನೇ ಮತ್ತೆ ಮತ್ತೆ ಓದಿದಳು. ಉಳಿದರ್ಧವನ್ನು ಅವಳ ಹೊಟ್ಟೆಕಿಚ್ಚು ಬರೆದುಕೊಂಡಿತು.

'ಯಂಕೇಶ' ಅಂತೆ! ತಾನು ಬಾಯಲ್ಲಿ ತರಲಾಗದ ಹೆಸರನ್ನು ಇವಳು ಹೀಗೆ ಬೀದಿಯಲ್ಲಿ ಕೂಗಿದಂತೆ ಬರೆಯುತ್ತಾಳೆ. ಮೇಲೆ 'ನಿನ್ನ' ಬೇರೆ!

ರೂಪಾಳ ಹೆಸರಿನ ಪಕ್ಕ ಫೋಟೊ ಇರಲಿಲ್ಲ. ಬೂದು ಬಣ್ಣದ ಗೊಂಬೆಯೊಂದಿತ್ತು, ಅಷ್ಟೇ. ಮುಖ ಯಾಕೆ ಮುಚ್ಚಿಕೊಂಡಿದ್ದಾಳೆ? ಕಳ್ಳತನ ಇಲ್ಲದವರು ಮುಖ ಮುಚ್ಚುತ್ತಾರೇನು? ಆ ಖಾಲಿ ಜಾಗಕ್ಕೆ ಹೇಮಾಳೇ ಒಂದು ಮುಖ ಕೊಟ್ಟಳು. ದೊಡ್ಡ ಕಣ್ಣು, ಉದ್ದ ಜಡೆ, ಬಿಳಿ ಬಣ್ಣ. ಕೊಟ್ಟ ಮೇಲೆ ತಾನೇ ಸಂಕಟಪಟ್ಟಳು.

ಸಂಜೆ ಯಂಕೇಶ ಬಂದಾಗ ಸುಮ್ಮನೆ ಕೇಳಿದಂತೆ ಕೇಳಿದಳು. "ಇವತ್ತು ಭಾಳ ಫೋನ್ ನೋಡಾಕತ್ತೀರಿ. ಯಾರದು?"

"ದವಾಖಾನಿದು. ಮತ್ಯಾರದು?"

ಸುಳ್ಳು! ಅವನು ಕಣ್ಣು ತಪ್ಪಿಸಿ ಹೇಳಿದ. ಹೇಮಾಳ ಒಡಲಲ್ಲಿ ಬೆಂಕಿ ಹೊತ್ತಿದ್ದು ಆ ಗಳಿಗೆಯಲ್ಲಿ.

ಅಂದಿನಿಂದ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲೆಲ್ಲ ಅವಳು ಅವನ ವಾಟ್ಸಾಪ್ ಮುಂದೆ ಕೂರತೊಡಗಿದಳು. ಯಾವುದನ್ನೂ ತೆರೆಯಳು. ತುಂಡು ಸಾಲುಗಳನ್ನಷ್ಟೇ ಆರಿಸಿಕೊಳ್ಳುವಳು.

"ನಿನ್ನ ಹುಡುಗಿಗೆ ಮಾತ್ರ ಹೇಳಬ್ಯಾಡ, ಆಣಿ ಐತಿ..."

"ಸೋಮವಾರ ಕೊಪ್ಪಳಕ್ಕ ಬರ್ತೀನಿ, ಮನ್ಯಾಗ ಸುಳ್ಳು ಹೇಳಿ..."

ರೊಟ್ಟಿ ಗಂಟಲಲ್ಲಿ ಇಳಿಯದಾಯಿತು. "ಯಾಕ, ಹಸಿ ಮೆಣಸಿನಕಾಯಿ ಕಡದವ್ರಂಗ ಮಾರಿ ಮಾಡೀದಿ?" ಎಂದು ಅಜ್ಜಿ ಕೇಳಿದರೆ, "ಖಾರ ಆಗೈತಿ" ಅಂದಳು. ಅಂದಿನ ಪಲ್ಯದಲ್ಲಿ ಖಾರವೇ ಇರಲಿಲ್ಲ.

ಅವನನ್ನೇ ನೇರವಾಗಿ ಕೇಳಬಹುದಿತ್ತಲ್ಲ? ಕೇಳಬಹುದಿತ್ತು. ಆದರೆ 'ನಿನಗ ಹೆಂಗ ಗೊತ್ತಾತು' ಎಂದು ಅವನು ಕೇಳಿದರೆ ಏನು ಹೇಳುವುದು? ಕದ್ದು ಓದಿದವಳಿಗೆ ಕೇಳುವ ಬಾಯಿ ಎಲ್ಲಿರುತ್ತದೆ?

ಭಾನುವಾರ ಅವಳ ಕೈ ತಡೆಯಲಿಲ್ಲ. ಅಜ್ಜಿಯ ಹಳೆಯ ಫೋನ್ ತೆಗೆದುಕೊಂಡಳು. ಆ ನಂಬರ್ ಯಂಕೇಶನಿಗೂ ಗೊತ್ತಿರಲಿಲ್ಲ. ಅವನ ವಾಟ್ಸಾಪಿನಿಂದ ಬರೆದಿಟ್ಟುಕೊಂಡಿದ್ದ ರೂಪಾಳ ನಂಬರಿಗೆ ಎಸ್ಸೆಮ್ಮೆಸ್ ಬರೆದಳು.

"ನಿನ್ನ ವಿಷಯ ಎಲ್ಲ ನನಗ ಗೊತ್ತೈತಿ. ಸೋಮವಾರ ಕೊಪ್ಪಳಕ್ಕ ಹೋದಿ ಅಂದ್ರ ನಿನ್ನ ಮನಿಯವರಿಗೆ ಮುಟ್ಟಸ್ತೀನಿ."

ಕಳಿಸಿದ ಮೇಲೆ ಮೈ ಹಗುರಾಯಿತು. ಆ ರಾತ್ರಿ ಹೊಟ್ಟೆ ತುಂಬ ಉಂಡಳು ಕೂಡ.

ಮಂಗಳವಾರ ಯಂಕೇಶ ಸೆಂಟರಿಗೆ ಬಂದಾಗ ಅವನ ಮುಖದಲ್ಲಿ ಕಳೆಯೇ ಇರಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತ.

"ಹೇಮಾ, ಒಬ್ಬರಿಗೆ ಮಾತು ಕೊಟ್ಟಿದ್ದೆ. ಇವತ್ತ ಮುರೀತೀನಿ. ನೀ ಬಿಟ್ರ ಇದು ಯಾರಿಂದಾನೂ ಆಗೋ ಕೆಲಸಲ್ಲ."

ಹೇಮಾ ಕೀಬೋರ್ಡ್ ಆಚೆ ತಳ್ಳಿದಳು. ಬಂತು... ಈಗ ಹೇಳುತ್ತಾನೆ, ಮದುವೆ ಬ್ಯಾಡ ಅಂತ ಹೇಳುತ್ತಾನೆ.

"ರೂಪಾ ಅಂತ ನನ್ನ ಕಾಲೇಜಿನ ಗೆಳತಿ. ಕುಷ್ಟಗ್ಯಾಗ ಸಾಲಿ ಟೀಚರ್. ಹೆಣ್ಣಮಗಳ ಹೆಸರ ಇಟ್ಕೊಂಡು ಒಬ್ಬಾಂವ ಆಕಿ ಜೋಡಿ ಚಾಟ್ ಮಾಡ್ಯಾನ. ಅಕ್ಕ, ತಂಗಿ ಅಂತ ನಂಬಿಸಿ ಫೋಟೊ ತರಿಸಿಕೊಂಡಾನ. ಈಗ ಕರದಲ್ಲಿ ಬಾ, ಇಲ್ಲಂದ್ರ ಊರಿಗೆಲ್ಲ ಹಂಚ್ತೀನಿ ಅಂತಾನ. ನಿನ್ನೆ ಕೊಪ್ಪಳದಾಗ ಕಂಪ್ಲೇಂಟ್ ಕೊಡೋದಿತ್ತು. ಬಸ್‌ಸ್ಟ್ಯಾಂಡಿನ್ಯಾಗ ಕಾದು ಕಾದು ಸಾಕಾತು, ಆಕಿ ಬರಲಿಲ್ಲ."

"ಯಾಕ?" ಹೇಮಾಳ ದನಿ ಅವಳಿಗೇ ಕೇಳಿಸಲಿಲ್ಲ.

"ಆ ಸೂಳೆಮಗನಿಗೆ ಕೊಪ್ಪಳದ ವಿಷಯ ಗೊತ್ತಾಗಿಬಿಟ್ಟೈತಿ. ಹೊಸ ನಂಬರಿನಿಂದ ಧಮಕಿ ಹಾಕ್ಯಾನ. ಸೋಮವಾರದ ಮಾತು ನಮ್ಮಿಬ್ಬರಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ. ಅಂದ್ರ ನನ್ನ ಫೋನ್ ಹ್ಯಾಕ್ ಆಗೈತಿ. ಆಕಿ ಊಟ ಬಿಟ್ಟು, ಬಾಗಲಾ ಹಾಕ್ಕೊಂಡು, ಈಗ ಫೋನೂ ಬಂದ್ ಮಾಡಿ ಕುಂತಾಳ. ನೀ ನೋಡು, ಯಾರು ಒಳಗ ಹೊಕ್ಕಾರ ಹೇಳು."

ಲಾಕ್ ತೆಗೆದ ಫೋನನ್ನು ಅವಳ ಅಂಗೈಯಲ್ಲಿಟ್ಟ.

ಹೇಮಾಳಿಗೆ ಎಲ್ಲಿ ಒತ್ತಬೇಕೆಂದು ಗೊತ್ತಿತ್ತು. ಒತ್ತಿದಳು. ಅವನ ವಾಟ್ಸಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಎಂದು ತೋರಿಸುವ ಜಾಗ ಅದು. ಅಲ್ಲಿದ್ದದ್ದು ಒಂದೇ ಒಂದು ಕಂಪ್ಯೂಟರ್. ಅವಳ ಮೊಣಕೈ ಊರಿದ್ದ, ಇದೇ ಕಂಪ್ಯೂಟರ್.

ಕೆಳಗೆ ಲಾಗೌಟ್ ಎಂದಿತ್ತು. ಬೆರಳು ಮುಟ್ಟಿದರೆ ಮುಗಿಯಿತು. 'ಯಾರೋ ಇದ್ರು, ತಗದುಹಾಕಿದೆ' ಅಂದರೆ ಅವನು ನಂಬುತ್ತಾನೆ. ಮೇಲೆ ಶಹಬಾಸ್ ಅನ್ನುತ್ತಾನೆ! ಅಜ್ಜಿಯ ಸಿಮ್ ಮುರಿದು ಎಸೆದರಾಯಿತು. ದೀಪಾವಳಿ ಬರುತ್ತದೆ, ಮದುವೆ ನಡೆಯುತ್ತದೆ. ಆದರೆ ಕುಷ್ಟಗಿಯಲ್ಲಿ ಒಂದು ಹೆಣ್ಣುಮಗಳು, ಇಲ್ಲದ ಕಣ್ಣುಗಳಿಗೆ ಹೆದರಿ ಬಾಗಿಲು ಹಾಕಿಕೊಂಡೇ ಇರುತ್ತಾಳೆ.

ಅವಳು ಫೋನನ್ನು ಅವನ ಕಡೆ ತಿರುಗಿಸಿದಳು.

"ಹ್ಯಾಕ್ ಆಗಿಲ್ರಿ. ಈ ಕಂಪ್ಯೂಟರ್ ಅದು. ಓದಿದಾಕಿ ನಾನ."

ಯಂಕೇಶನಿಗೆ ಅರ್ಥವಾಗಲಿಲ್ಲ. "ನೀ ಓದಿದ್ರೇನಾತು, ಧಮಕಿ ಹಾಕಿದಾಂವ..."

"ಅದೂ ನಾನ. ಅಜ್ಜಿ ಫೋನಿನಿಂದ ಹಾಕಿದೆ. ನಿಮಗೂ ಆಕಿಗೂ ಸಂಬಂಧ ಐತಿ ಅಂತ ತಿಳಕೊಂಡೆ. ಹೊಟ್ಟಿ ಉರದು ಹಾಕಿದೆ."

ಪ್ರಿಂಟರ್ ಯಾರದೋ ಆಧಾರ್ ಪ್ರತಿಯನ್ನು ಹೊರಹಾಕಿ ಸುಮ್ಮನಾಯಿತು. ಯಂಕೇಶ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನನ್ನ ಒಂದು ಮಾತು ಕೇಳಿದ್ರ ಆಗ್ತಿತ್ತಲ್ಲ, ಹೇಮಾ" ಅಂದ. ಫೋನ್ ತೆಗೆದುಕೊಂಡು, ಅವಳೆದುರೇ ಲಾಗೌಟ್ ಒತ್ತಿ, ಎದ್ದು ಹೋದ.

ಅವಳು ಅತ್ತಳೇ? ಅತ್ತಳು. ಆದರೆ ಅಳುತ್ತಲೇ ಒಂದು ವಿಷಯ ಅವಳಿಗೆ ಸ್ಪಷ್ಟವಾಯಿತು. ಅವನ ಕಾಲು ಹಿಡಿಯುವುದಕ್ಕಿಂತ ಮೊದಲು ಮುಟ್ಟಬೇಕಾದ ಮನೆ ಬೇರೆ ಇತ್ತು.

ಮರುದಿನ ಬೆಳಿಗ್ಗೆ ಕುಷ್ಟಗಿಯ ಬಸ್ ಹತ್ತಿದಳು. ಶಾಲೆಯ ಹೆಸರು ಹೇಳಿ, ಓಣಿ ಓಣಿ ಕೇಳಿ, ರೂಪಾಳ ಬಾಗಿಲು ಬಡಿದಳು. ತೆರೆದವಳಿಗೆ ದೊಡ್ಡ ಕಣ್ಣೂ ಇರಲಿಲ್ಲ, ಉದ್ದ ಜಡೆಯೂ ಇರಲಿಲ್ಲ. ನಿದ್ದೆಗೆಟ್ಟು ಬಾಡಿದ ಸಾದಾ ಮುಖ.

"ನಾ ಹೇಮಾ. ನಿಮ್ಮ ಮ್ಯಾಲೆ ಸಂಶಯಪಟ್ಟು ಭಾನುವಾರದ ಆ ಮೆಸೇಜ್ ಹಾಕಿದಾಕಿ ನಾನ. ಅಂವ ಅಲ್ಲ."

"ನೀವಾ? ಅಂವ ಅಲ್ಲಾ?" ರೂಪಾ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಮೊದಲು ದೊಡ್ಡ ಉಸಿರು ಬಿಟ್ಟಳು. ಆಮೇಲೆ ಕಣ್ಣು ಕೆಂಪಾದವು. "ನಾ ಬಾವಿ ನೋಡಿ ಬಂದೀನಿ, ಗೊತ್ತೈತೇನು? ನಿಮ್ಮ ಹೊಟ್ಟಿಕಿಚ್ಚಿಗೆ ನಾ ಸಾಯಬೇಕಿತ್ತೇನು?"

ಹೊಸ್ತಿಲ ಈಚೆ, ನೆಲದ ಮೇಲೆ ಹೇಮಾಳೂ ಕೂತಳು.

"ಎಷ್ಟು ಬೇಕಾದ್ರೂ ಬೈರಿ, ಕೇಳ್ತೀನಿ. ಆದ್ರ ಒಂದು ಕೆಲಸ ನನಗ ಬರ್ತೈತಿ, ಅದನ್ನ ಮಾಡಾಕ ಬಿಡ್ರಿ. ಅವನ ಮೆಸೇಜ್ ಅಳಿಸೀರೇನು?"

"ಅಳಿಸಬೇಕಂತ ಮಾಡಿದ್ದೆ..."

"ಅಳಿಸಬ್ಯಾಡ್ರಿ. ಅವನ್ನ ಸಿಗಸೋದು ಆ ಮೆಸೇಜ್‌ಗಳ."

ಮಧ್ಯಾಹ್ನದವರೆಗೆ ಇಬ್ಬರೂ ಆ ಫೋನ್ ಹಿಡಿದು ಕೂತರು. ಅವನ ನಂಬರು, ಹೊತ್ತು ಕಾಣುವಂತೆ ಧಮಕಿಗಳನ್ನೆಲ್ಲ ಹೇಮಾ ಸ್ಕ್ರೀನ್‌ಶಾಟ್ ಹಿಡಿದಿಟ್ಟಳು. ರೂಪಾಳ ಪಾಸ್‌ವರ್ಡ್ ಅವಳ ಊರಿನ ಹೆಸರೇ ಆಗಿತ್ತು. "ಬದಲಿ ಮಾಡ್ರಿ, ನನಗೂ ತೋರಿಸಬ್ಯಾಡ್ರಿ" ಎಂದು ಮುಖ ತಿರುಗಿಸಿಕೊಂಡಳು. ಒಳಗೆ ಬರಲು ಎರಡನೆಯ ಪಿನ್ ಕೇಳುವಂತೆ ಮಾಡಿಸಿದಳು. ಗುರುತಿಲ್ಲದವರಿಗೆ ಫೋಟೊ ಕಾಣದಂತೆ ಮಾಡುವುದನ್ನು ಹೇಳಿಕೊಟ್ಟಳು.

"ಫೋಟೊ ಪೂರ್ತಿ ಯಾಕ ತಗದೀರಿ? ತಪ್ಪು ಮಾಡಿದಾಂವ ಅವನು. ಮಾರಿ ನೀವ್ಯಾಕ ಮುಚ್ಚಿಕೋಬೇಕು?"

ಅಂದವಳಿಗೆ ತಾನು ಅದೇ ಬೂದು ಗೊಂಬೆಯನ್ನು ಕಂಡು ಏನೆಲ್ಲ ಅಂದುಕೊಂಡಿದ್ದೆ ಎಂಬುದು ನೆನಪಾಗಿ ನಾಚಿಕೆಯಾಯಿತು.

ರೂಪಾ ಎದ್ದು ಮುಖ ತೊಳೆದು, ಸೀರೆ ಬದಲಿಸಿ ಬಂದಳು. "ಕೊಪ್ಪಳಕ್ಕ ಹೋಗೂಣ. ನೀ ಜೋಡಿ ಬಾ" ಅಂದಳು. ದಾರಿಯಲ್ಲಿ ಯಂಕೇಶನಿಗೂ ಫೋನ್ ಮಾಡಿದಳು.

ಠಾಣೆಯಲ್ಲಿ ಮಹಿಳಾ ಅಧಿಕಾರಿ ಮೆಸೇಜುಗಳನ್ನು ಒಂದೊಂದೇ ನೋಡುತ್ತ ಭಾನುವಾರದ ಎಸ್ಸೆಮ್ಮೆಸ್ ಹತ್ತಿರ ನಿಂತರು.

"ಇದು ಬೇರೆ ನಂಬರ್. ಇವನ ಜೋಡಿ ಇನ್ನೊಬ್ಬಾಂವ ಅದಾನೇನು?"

ಯಂಕೇಶ ಬಾಗಿಲಲ್ಲಿ ನಿಂತಿದ್ದ. ರೂಪಾ ಬಾಯಿ ತೆರೆಯುವ ಮೊದಲೇ ಹೇಮಾ ಎದ್ದಳು.

"ಅದು ನನ್ನದ್ರಿ ಮೇಡಂ. ನಾನ ಹಾಕೀನಿ. ನನ್ನ ಮದುವಿ ಗೊತ್ತಾಗಿರೋ ಹುಡುಗನ ವಾಟ್ಸಾಪ್ ಕದ್ದು ನೋಡಿ, ಇವರ ಮ್ಯಾಲೆ ಸಂಶಯಪಟ್ಟು ಹಾಕೀನಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಹೊರಗಿನಾಂವ ನೋಡಿದ್ರ ಹ್ಯಾಕರ್, ನೀ ನೋಡಿದ್ರ ಪ್ರೀತಿ ಏನು? ಇವರು ಬರೆಸಿದ್ರ ನಿನ್ನ ಮ್ಯಾಲೂ ಕೇಸ್ ಆಗ್ತೈತಿ, ಗೊತ್ತೈತಿಲ್ಲ?"

"ಗೊತ್ತೈತ್ರಿ. ಬರಕೊಳ್ರಿ."

ಕೋಣೆಯಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಹೇಮಾ ತಲೆ ತಗ್ಗಿಸಲಿಲ್ಲ. ಕಣ್ಣೀರು ಮಾತ್ರ ತಾನಾಗಿಯೇ ಇಳಿಯಿತು.

"ಆಕಿ ಮ್ಯಾಲೆ ಬ್ಯಾಡ್ರಿ ಮೇಡಂ" ಅಂದಳು ರೂಪಾ. "ಅವನ ಮ್ಯಾಲಷ್ಟ ಬರಕೊಳ್ರಿ."

ದೂರು ದಾಖಲಾಯಿತು. ರೂಪಾ ಒಳಗೆ ಸಹಿ ಹಾಕುತ್ತಿದ್ದಾಗ, ಹೇಮಾ ಹೊರಗಿನ ಬೇವಿನ ಮರದ ಕೆಳಗೆ ಬಂದು ನಿಂತಳು. ಯಂಕೇಶ ಹಿಂದೆಯೇ ಬಂದ. ಇಬ್ಬರೂ ರಸ್ತೆ ನೋಡುತ್ತ ನಿಂತರು.

"ಅಷ್ಟು ಮಂದಿ ಮುಂದ ಹೇಳಬೇಕಾಗಿರಲಿಲ್ಲ" ಅಂದ ಅವನು.

"ಹೇಳದಿದ್ರ ಅವರು ಇಲ್ಲದಾಂವನ್ನ ಹುಡುಕತಿದ್ರು." ಹೇಮಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದು ಖರೇ ಹೇಳಲ್ಯಾ? ನನ್ನ ಹೊಟ್ಟಿಕಿಚ್ಚು ಇನ್ನೂ ಹೋಗಿಲ್ಲ. ಈಗ ಬಸ್ಸಿನ್ಯಾಗ ಆಕಿ ನಿಮ್ಮ ಕಾಲೇಜಿನ ಮಾತು ಹೇಳಿದ್ರ ಒಳಗ ಉರೀತು. ಅಷ್ಟು ಕೆಟ್ಟಾಕಿ ನಾನು."

"ನನಗೂ ಒಂದು ಖರೇ ಹೇಳೋದೈತಿ. ನಾನೂ ಅವತ್ತು ದವಾಖಾನಿ ಅಂತ ಸುಳ್ಳು ಹೇಳಿದೆ. ಬೇರೆದವರ ವಿಷಯ ಐತಿ, ಹೇಳಾಕ ಬರಂಗಿಲ್ಲ ಅಂದಿದ್ರ ಆಗ್ತಿತ್ತು."

"ಅಂದಿದ್ರ ನಾ ಸುಮ್ಮನ ಇರ್ತಿದ್ದೆ."

"ಇರ್ತಿದ್ದೇನು?"

ಹೇಮಾ ಸ್ವಲ್ಪ ಯೋಚಿಸಿದಳು. "ಇಲ್ಲ. ಜಗಳಾ ಮಾಡ್ತಿದ್ದೆ. ಆದ್ರ ನಿಮ್ಮ ಜೋಡಿ ಮಾಡ್ತಿದ್ದೆ."

ಯಂಕೇಶನ ತುಟಿಯಲ್ಲಿ ನಗು ಬಂದು ಹೋಯಿತು. ಅಷ್ಟರಲ್ಲಿ ಅವನ ಫೋನ್ ಟಿಣ್ ಅಂದಿತು. ಅವನು ನೋಡಿ, ಸುಮ್ಮನೆ ಅವಳ ಕಡೆ ಚಾಚಿದ.

ಹೇಮಾ ಅವನ ಕೈಯನ್ನು ಹಿಂದಕ್ಕೆ ತಳ್ಳಿದಳು. "ಒಲ್ಲೆ. ನಿಮಗ ಹೇಳಬೇಕನಿಸಿದ್ರ ಹೇಳ್ರಿ. ಇಲ್ಲಂದ್ರ ಬ್ಯಾಡ."

ಅವನು ಫೋನನ್ನು ಕಿವಿಗೆ ಹಿಡಿದು ವಾಯ್ಸ್ ಮೆಸೇಜ್ ಕೇಳಿಸಿಕೊಂಡ. ಅವಳು ಆ ಕಡೆ ಬಾಗಲಿಲ್ಲ.

"ನಮ್ಮವ್ವ. ಗಂಗಾವತಿ ಬಟ್ಟಿ ಅಂಗಡ್ಯಾಗ ಅದಾಳಂತ. ಸೊಸಿಗೆ ಧಾರಿ ಸೀರಿ ಯಾವ ಬಣ್ಣದ್ದು ತರ್ಲಿ ಅಂತ ಕೇಳಾಕತ್ತಾಳ." ಅವನು ತಡೆದ. "ಏನಂತ ಹೇಳ್ಲಿ, ಹೇಮಾ?"

"ತಪ್ಪು ಮಾಡಿದಾಕಿನ್ನ ಕೇಳ್ತೀರೇನು? ತರೋದೋ ಬ್ಯಾಡೋ ನೀವ ಹೇಳಬೇಕು."

"ತರ್ಲಿ ಅನ್ನೋದು ನಾ ನಿನ್ನೇನ ಮನಸ್ಸಿನ್ಯಾಗ ಗಟ್ಟಿ ಮಾಡೀನಿ. ನಾ ಕೇಳಿದ್ದು ಬಣ್ಣ."

ಹೇಮಾ ಬಲು ಮೆಲ್ಲಗೆ, ಅವನಿಗಷ್ಟೇ ಕೇಳುವಂತೆ ಅಂದಳು.

"ಹಸಿರು."