ಮೂವತ್ತು ಇಲಿ, ಎರಡು ಸ್ಟಾಪ್‌ವಾಚ್

“ಇಬ್ಬರು ಮನಶ್ಯಾರ ಲೆಕ್ಕ ಇಷ್ಟು ಕೂಡೋದು ನಾ ನನ್ನ ಸಂಸಾರದಾಗೂ ನೋಡಿಲ್ಲ,” ಎಂದು ಗೈಡ್ ಜಲಾಲುದ್ದೀನ್ ಸರ್ ಕಾಗದಗಳನ್ನು ಮೇಜಿನ ಮೇಲಿಟ್ಟರು.

ಧನಶ್ರೀಗೆ ನಗು ಬರಲಿಲ್ಲ. ಎಂ.ಫಾರ್ಮ್ ಪ್ರಬಂಧ ಒಪ್ಪಿಸಲು ಹತ್ತೇ ದಿನ ಉಳಿದಿತ್ತು. ಮಂಠಾಳದ ಹೊಲದ ಬದುಗಳಲ್ಲಿ ಬಗ್ಗಿ ಬಗ್ಗಿ ಕಿತ್ತುತಂದ ವಿಷ್ಣುಕ್ರಾಂತಿಯ ಸಾರ ಕುಗ್ಗಿದ ಮನಸ್ಸನ್ನು ಎತ್ತುತ್ತದೆಯೇ ಎಂದು ಬಿಳಿ ಇಲಿಗಳ ಮೇಲೆ ನೋಡುವುದು ಅವಳ ಕೆಲಸ. ಗಾಜಿನ ಜಾಡಿಯ ನೀರಿಗೆ ಬಿಟ್ಟ ಇಲಿ ಮೊದಲು ಈಜಾಡುತ್ತದೆ. ಆಮೇಲೆ ಕೈಚೆಲ್ಲಿ ಸುಮ್ಮನೆ ತೇಲುತ್ತದೆ. ಔಷಧ ನಾಟಿದ್ದರೆ ತೇಲುವುದು ಕಡಿಮೆ. ತೇಲಿದ ಸೆಕೆಂಡುಗಳನ್ನು ಇಬ್ಬರು, ಒಬ್ಬರದನ್ನೊಬ್ಬರು ನೋಡದೆ ಅಳೆಯಬೇಕು. ಒಂದು ಸ್ಟಾಪ್‌ವಾಚ್ ಅವಳದು. ಇನ್ನೊಂದು, ಈಗ ಪಕ್ಕದಲ್ಲೇ ನಿಂತಿದ್ದ ಸಹಪಾಠಿ ಕಲ್ಲಿನಾಥನದು.

ಮೂವತ್ತು ಇಲಿಗಳಲ್ಲಿ ಒಂದಕ್ಕೂ ಇಬ್ಬರ ನಡುವೆ ಸೆಕೆಂಡಿಗಿಂತ ಹೆಚ್ಚು ಅಂತರವಿರಲಿಲ್ಲ.

“ಬ್ಯಾರೆ ಬ್ಯಾರೆ ನೋಡೀವಿ ಅಂತ ಇಬ್ರೂ ಸಹಿ ಮಾಡ್ರಿ. ಒಪ್ಕೋತೀನಿ.”

ಧನಶ್ರೀ ಸಹಿ ಮಾಡಿದಳು. ಕಲ್ಲಿನಾಥ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ. “ನನ್ನಿಂದ ಆಗಂಗಿಲ್ರಿ ಸರ್,” ಎಂದು ಹೊರಗೆ ನಡೆದುಬಿಟ್ಟ.

ಅವಳು ಇಲಿಮನೆಯ ಬಾಗಿಲಲ್ಲಿ ಅವನನ್ನು ಅಡ್ಡಗಟ್ಟಿದಳು. “ನನ್ನದು ಕಾಪಿ ಹೊಡದಿಯೇನೋ?”

“ಕಾಪಿ ಅಲ್ಲ.”

“ಮತ್ತ?”

“ನಾ ಇಲೀನ ನೋಡೇ ಇಲ್ಲ, ಧನು. ನಿನ್ನ ಹೆಬ್ಬೆಟ್ಟು ನೋಡ್ತಿದ್ದೆ. ಮೊದಲ ಕೆಳತುಟಿ ಹಲ್ಲಾಗ ಹಿಡೀತಿ, ಆಮ್ಯಾಗ ವಾಚ್ ಒತ್ತತಿ. ನೀ ಒತ್ತಿದಾಗ ನಾನೂ ಒತ್ತಿದೆ.”

“ಮೂವತ್ತಕ್ಕೂ?”

“ಮೂವತ್ತಕ್ಕೂ.”

ನೀರಿನಿಂದ ತೆಗೆದ ಇಲಿಗಳನ್ನು ಟವೆಲಿನಲ್ಲಿ ಒರೆಸುವ ಕೇಶರಬಾಯಿ, ಕೆಲಸವಿಲ್ಲದಿದ್ದರೂ, ಬಕೆಟ್ ಹಿಡಿದು ಅಲ್ಲೇ ನಿಂತಿದ್ದಳು. “ಅಯ್ಯ ನನ್ನಪ್ಪ! ಇಲಿ ಈಜಾಕತ್ತಿದ್ರ ಇಂವ ತೇಲಾಕತ್ತಿದ್ನಲ್ಲ!”

ಧನಶ್ರೀಯ ಕಿವಿ ಬಿಸಿಯಾಯಿತು. ಅದರಲ್ಲಿ ಸಿಟ್ಟೆಷ್ಟು, ಉಳಿದದ್ದೆಷ್ಟು ಎಂದು ಬೇರ್ಪಡಿಸುವ ಪ್ರಯೋಗ ಯಾವ ಪುಸ್ತಕದಲ್ಲೂ ಇರಲಿಲ್ಲ. “ನನ್ನ ಎರಡು ವರ್ಷ ಮುಳುಗಿಸಿದಿ. ಹೋಗು, ಇದನ್ನ ಸರ್ ಮುಂದ ಹೇಳು.”

ಅವನು ಹೇಳಿದ. ಪುಣ್ಯಕ್ಕೆ ಎಲ್ಲದರ ವಿಡಿಯೋ ಇತ್ತು. “ಮೂವತ್ತೂ ನಾನೇ ನೋಡ್ತೀನಿ,” ಎಂದರು ಸರ್.

ಮೂರು ದಿನ ಧನಶ್ರೀ ಬಸವಕಲ್ಯಾಣದ ಮನೆಗೂ ಹುಮನಾಬಾದಿನ ಕಾಲೇಜಿಗೂ ನಡುವೆ ಓಡಾಡಿದಳು. ಬಸ್ಸಿನಲ್ಲಿ ಸೀಟು ಬದಲಿಸಿದಳು. ಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. “ಕಾಲಾಗ ಚಕ್ರ ಅದಾವೇನ ನಿಂಗ? ಏನಾಗ್ಯದ ಹೇಳಾರ ಹೇಳು,” ಎಂದು ತಾಯಿ ಉಮಾದೇವಿ ಬೆನ್ನು ಹತ್ತಿದರು. ಅವಳು ಇನ್ನೊಂದು ಪಾತ್ರೆ ಎತ್ತಿಕೊಂಡಳು.

ನಾಲ್ಕನೇ ದಿನ ಸರ್ ಅವಳೊಬ್ಬಳನ್ನೇ ಕರೆದರು.

“ಗಿಡ ಕೆಲಸ ಮಾಡ್ಯದ. ಇಪ್ಪತ್ತನಾಕು ಇಲಿ ನಿನ್ನ ಲೆಕ್ಕ, ನನ್ನ ಲೆಕ್ಕ ಕೂಡ್ತದ. ಆದ್ರ ಹದಿನಾಲ್ಕನೇ ತಾರೀಖಿನ ಆರೂ ಬಿಲ್ಕುಲ್ ತಪ್ಪು. ಇಲಿ ತೇಲಾಕತ್ತದ, ನಿನ್ನ ವಾಚ್ ಓಡೇ ಇಲ್ಲ. ಅವತ್ತು ಏನಾಗಿತ್ತಮ್ಮ?”

ಅವತ್ತು ಕಲ್ಲಿನಾಥ ಮನ್ನಾಏಖೇಳ್ಳಿಯಲ್ಲಿ ಹೆಣ್ಣು ನೋಡಿ, ಇಸ್ತ್ರಿ ಅಂಗಿಯಲ್ಲೇ ನೇರ ಲ್ಯಾಬಿಗೆ ಬಂದಿದ್ದ. ಒಪ್ಪಿದೆ ಎನ್ನಲಿಲ್ಲ, ಒಲ್ಲೆ ಎನ್ನಲಿಲ್ಲ.

“ಕಣ್ಣಾಗ ಕಸ ಬಿದ್ದಿತ್ರಿ ಸರ್.”

“ಆರು ಸಲನಾ?” ಸರ್ ಕನ್ನಡಕ ಒರೆಸಿಕೊಂಡರು. “ಇರ್ಲಿ. ಎಲ್ಲಾದಕ್ಕೂ ನನ್ನ ಲೆಕ್ಕ ಹಾಕು. ಯಾಕ ಮತ್ತ ಎಣಿಸಿದ್ವಿ ಅನ್ನೋದೂ ಬರಿ. ಹೆಬ್ಬೆಟ್ಟಿನ ಸುದ್ದಿ ಬ್ಯಾಡ.”

ಬಸ್ ಸ್ಟ್ಯಾಂಡಿನಲ್ಲಿ ಕಲ್ಲಿನಾಥ ತಲೆತಗ್ಗಿಸಿ ನಿಂತಿದ್ದ. ಪ್ರಬಂಧ ಉಳಿಯಿತು ಎಂದು ಕೇಳಿ ಉಸಿರುಬಿಟ್ಟ.

“ಮನ್ನಾಏಖೇಳ್ಳಿ ಹುಡುಗಿ ಏನಾದ್ಲು?” ಎಂದಳು ಧನಶ್ರೀ.

“ಚಾ ಕೊಟ್ಲು. ನಾ ಹುಮನಾಬಾದ್ ಬಸ್ಸಿನ ಟೈಮ್ ಕೇಳಿದೆ. ‘ನಿಮ್ಮ ಮಗನ ಮನಸ ಇಲ್ಲಿಲ್ರಿ’ ಅಂತ ಅವಳೇ ನಮ್ಮವ್ವಗ ಹೇಳಿದ್ಲು. ಶಾಣ್ಯಾಕಿ.”

“ಅವತ್ತು ನಾನೂ ಇಲಿ ನೋಡಿಲ್ಲ, ಕಲ್ಲಿ.”

“ಮತ್ತ ಏನ ನೋಡಿದಿ?”

“ನಿನ್ನ ಇಸ್ತ್ರಿ ಅಂಗಿ. ಆರೂ ಇಲಿ ಮುಗಿಯೋತನಕ.”

ಅವನು ಅವಳನ್ನೇ ನೋಡಿದ. ಈ ಸಲ ತುಟಿಯನ್ನಲ್ಲ, ಕಣ್ಣನ್ನು. ಬಸವಕಲ್ಯಾಣದ ಬಸ್ಸು ಹಾರ್ನ್ ಹೊಡೆಯಿತು.

“ಹತ್ತು,” ಎಂದಳು.

“ನಮ್ಮೂರು ಹಳ್ಳಿಖೇಡ ಆಕಡಿ ಅದ.”

“ಗೊತ್ತದ. ಏನಾಗ್ಯದ ಅಂತ ನಮ್ಮವ್ವ ಮೂರು ದಿನದಿಂದ ಕೇಳಾಕತ್ತಾಳ. ನನಗ ಹೇಳಾಕ ಬರವಲ್ದು. ತೋರಿಸಿಬಿಡ್ತೀನಿ.”

ಕಂಡಕ್ಟರ್ ಬಂದಾಗ ಅವಳು ಆಧಾರ್ ಕಾರ್ಡ್ ಮುಂದೆ ಹಿಡಿದಳು. “ನಂದು ಫ್ರೀ ಅದರಿ. ಇವಂದೊಂದು ಫುಲ್ ಹರೀರಿ, ಬಸವಕಲ್ಯಾಣ.”