ವ್ಯಾನಿನೊಳಗೆ ಸಿಕ್ಕಿಬಿದ್ದ ಹಾಡು

"ಆಫ್ ಮಾಡು ಅದನ್ನ! ಬೆಳಗ್ಗೆ ಬೆಳಗ್ಗೆ ಯಾರೋ ತಗಡಿನ ಮೇಲೆ ಕಲ್ಲು ಎಸೆದ ಹಾಗಿದೆ!"

"ಅದು ಡ್ರಮ್, ಅಪ್ಪ. ಹೋಗುವಾಗ ನನ್ನದು, ಬರುವಾಗ ನಿನ್ನದು ಅಂತ ರೂಲ್ ಮಾಡಿದ್ದು ನೀನೇ ತಾನೆ?"

"ಮಾಡಿದ್ದೆ. ಆಗ ನನ್ನ ಕಿವಿ ಇನ್ನೂ ಚೆನ್ನಾಗಿತ್ತು."

ವ್ಯಾನಿನ ಮುಂದಿನ ಸೀಟಿನಲ್ಲಿ ಅಪ್ಪನಿಗೂ ಅಕ್ಕನಿಗೂ ನಡುವೆ ಸೂಜಿ ಕೂತಿದ್ದಳು. ಸೂಜಿ ಅವಳ ನಿಜವಾದ ಹೆಸರಲ್ಲ. ಅಪ್ಪ ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಸ್ಪಂಜು ತುಂಬಿ, ಹೊಸ ಬಟ್ಟೆ ಹೊಲಿದು ಕೊಡುವ ಕೆಲಸದವನು. ತೆಳ್ಳಗೆ ಉದ್ದಕ್ಕೆ ಬೆಳೆದು, ಕಂಡ ಕಂಡ ವಿಷಯದಲ್ಲೆಲ್ಲ ತೂರಿಕೊಳ್ಳುವ ಕಿರಿಮಗಳಿಗೆ ಅವನೇ ಇಟ್ಟ ಹೆಸರು ಅದು. ಒಮ್ಮೆ ಹಾಜರಿ ಕರೆಯುವಾಗ ಕ್ಲಾಸ್ ಟೀಚರ್ ಕೂಡ ಬಾಯಿತಪ್ಪಿ ಹಾಗೇ ಕರೆದುಬಿಟ್ಟಿದ್ದರು.

ಅಕ್ಕನಿಗೆ ಹದಿನೈದು ವರ್ಷ. ಅವಳ ಹತ್ತಿರ ಒಂದು ರಾಕ್ ಆಲ್ಬಮ್ ಇತ್ತು. ಕಪ್ಪು ಕವರಿನ ಮೇಲೆ ನಾಲ್ವರು ಹುಡುಗಿಯರು, ಅವರಲ್ಲಿ ಒಬ್ಬಳೂ ನಗುತ್ತಿರಲಿಲ್ಲ. ಅಪ್ಪನ ಹತ್ತಿರ ಕುರಿಗಾಹಿಗಳ ಜಾನಪದ ಹಾಡುಗಳ ಸಿಡಿ ಇತ್ತು. ಕೊಳಲು, ಡೋಲು, ನಡುನಡುವೆ ಕುರಿಗಳ ಗಂಟೆ ಸದ್ದು. ಅದನ್ನು ಹಾಕಿದರೆ ಅಕ್ಕ ಎರಡೂ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದಳು.

ಎತ್ತು ಏರಿಗೆ, ಕೋಣ ನೀರಿಗೆ. ದಿನವೂ ಇದೇ ಕತೆ.

ಒಂದು ದಿನ ಸಂಜೆ ಅಪ್ಪ ಇಬ್ಬರನ್ನೂ ಸ್ಕೂಲಿನಿಂದ ಕರೆದುಕೊಂಡು ಹೊರಟಿದ್ದ. ಹಿಂದೆ ಹೇರಿದ್ದ ಸೋಫಾ ದಾರಿಯಲ್ಲಿ ಅಲುಗಾಡತೊಡಗಿತು. ಅಪ್ಪ ವ್ಯಾನ್ ನಿಲ್ಲಿಸಿ ಹಗ್ಗ ಬಿಗಿಯಲು ಇಳಿದ. ಹಿಡಿದುಕೊಳ್ಳಲು ಅಕ್ಕನೂ ಇಳಿದಳು. ಸೂಜಿ ಒಬ್ಬಳೇ ಒಳಗೆ ಉಳಿದಳು.

ಬರುವಾಗ ಅಪ್ಪನ ಸರದಿ. ಇನ್ನೇನು ಜಗಳ ಶುರುವಾಗುತ್ತದೆ. ಅಷ್ಟರೊಳಗೆ ತಾನೇ ಅಪ್ಪನ ಸಿಡಿ ಹಾಕಿಟ್ಟರೆ ಆಯಿತಲ್ಲ ಅಂದುಕೊಂಡ ಸೂಜಿ, ಅದನ್ನು ಕವರಿನಿಂದ ತೆಗೆದು ಪ್ಲೇಯರಿನ ಬಾಯಿಗೆ ಇಟ್ಟಳು. ಅದು ಹೋಗಲಿಲ್ಲ. ಒತ್ತಿದಳು. ಆಗಲೂ ಹೋಗಲಿಲ್ಲ. ಅಂಗೈಯಿಂದ ಜೋರಾಗಿ ತಳ್ಳಿದಳು.

ಕಟಕ್!

ಸಿಡಿ ಒಳಗೆ ಹೋಯಿತು. ಅಕ್ಕನ ಸಿಡಿ ಬೆಳಗ್ಗೆಯಿಂದ ಒಳಗೇ ಇದೆ ಅನ್ನುವುದು ಸೂಜಿಗೆ ನೆನಪಾದದ್ದು ಆಮೇಲೆ.

ಅಪ್ಪ ಬಂದು ಬಟನ್ ಒತ್ತಿದ. ಅಕ್ಕನ ಸಿಡಿಯ ಹುಡುಗಿಯರು ಹಾಡತೊಡಗಿದರು. ಹೊರಗೆ ತೆಗೆಯುವ ಬಟನ್ ಒತ್ತಿದರೆ ಒಳಗೆ ಏನೋ ಗೊರಗೊರ ಅಂದಿತೇ ಹೊರತು ಸಿಡಿ ಬರಲಿಲ್ಲ. ಅಪ್ಪ ತನ್ನ ಕವರ್ ಎತ್ತಿ ನೋಡಿದ. ಖಾಲಿ. ಸೀಟಿನ ಕೆಳಗೆ ಹುಡುಕಿದ. ಅಲ್ಲೂ ಇಲ್ಲ.

"ನನ್ನ ಸಿಡಿ ಎಲ್ಲಿ?" ಅವನು ನೋಡಿದ್ದು ಅಕ್ಕನ ಮುಖವನ್ನು. "ಇಷ್ಟ ಇಲ್ಲ ಅಂದ್ರೆ ಕೇಳ್ಬೇಡ. ಕದ್ದು ಎಸೆಯೋದಾ?"

"ನಾನಾ? ನಾನ್ಯಾಕೆ ಎಸೀಲಿ?"

"ಮತ್ತೆ ಅದಕ್ಕೇ ಕಾಲು ಬಂದು ನಡ್ಕೊಂಡು ಹೋಯ್ತಾ? ಈಗ ಯಾವ ಅಂಗಡೀಲೂ ಸಿಗಲ್ಲ ಅದು!"

"ನಾನು ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ!"

"ಕಳ್ಳತನದ ಮೇಲೆ ಸುಳ್ಳು ಬೇರೆ."

ಸೂಜಿ ಬಾಯಿ ತೆರೆದಳು. ಇಬ್ಬರೂ ಎಷ್ಟು ಜೋರಾಗಿ ಕೂಗುತ್ತಿದ್ದರೆಂದರೆ ಅವಳ ಬಾಯಿ ತಾನಾಗೇ ಮುಚ್ಚಿಕೊಂಡಿತು.

ಮರುದಿನದಿಂದ ಅಕ್ಕ ಬಸ್ಸಿನಲ್ಲಿ ಹೋಗತೊಡಗಿದಳು. ಊಟಕ್ಕೆ ಕೂತಾಗ ಅಪ್ಪ ಗೋಡೆ ನೋಡುತ್ತಿದ್ದ, ಅಕ್ಕ ತಟ್ಟೆ ನೋಡುತ್ತಿದ್ದಳು. ಅಮ್ಮ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ದಿನವಿಡೀ ಮಾತಾಡಿ ಸುಸ್ತಾಗಿ ಬರುತ್ತಿದ್ದಳು. "ಇಬ್ಬರದೂ ಒಂದೇ ಮೂಗು, ಒಂದೇ ಹಟ. ನಾನಂತೂ ಮಧ್ಯೆ ಬರಲ್ಲ" ಅಂದುಬಿಟ್ಟಳು.

ಸೂಜಿ ಇದನ್ನೆಲ್ಲ ನೋಡುತ್ತಿದ್ದಳು. ನಾಳೆ ಹೇಳೋಣ ಅಂದುಕೊಳ್ಳುತ್ತಿದ್ದಳು. ನಾಳೆ ಬಂದರೆ, ನಿನ್ನೆಗಿಂತ ಅದು ಇನ್ನಷ್ಟು ಕಷ್ಟವಾಗಿರುತ್ತಿತ್ತು.

ಒಂದು ಶನಿವಾರ, ಸ್ಕೂಲಿಗೆ ರಜೆ ಇದ್ದಾಗ, ಅಪ್ಪ ದೂರದ ಊರಿನ ಸಿನಿಮಾ ಥಿಯೇಟರಿಗೆ ಸೀಟುಗಳನ್ನು ಕೊಟ್ಟುಬರಲು ಹೊರಟ. ಜೊತೆಗೆ ಸೂಜಿಯನ್ನು ಕರೆದುಕೊಂಡ. ಜಗಳವಾದ ಮೇಲೆ ಅವನು ಪ್ಲೇಯರ್ ಹಾಕಿರಲೇ ಇಲ್ಲ. ಮಧ್ಯಾಹ್ನದ ಬಿಸಿಲು ಏರಿತು. ರಸ್ತೆ ಅಳತೆಪಟ್ಟಿ ಇಟ್ಟು ಗೀಚಿದಂತೆ ನೆಟ್ಟಗಿತ್ತು. ಅಪ್ಪ ಎರಡು ಸಲ ಆಕಳಿಸಿದ.

"ಕಣ್ಣು ಎಳೀತಿದೆ ಕಣೇ. ಆ ತಗಡಿನ ಗಲಾಟೆನೇ ಹಾಕು. ನಿದ್ದೆ ಬರದಿದ್ರೆ ಸಾಕು."

ಸೂಜಿ ಹಾಕಿದಳು. ಮೊದಲನೇ ಹಾಡಿಗೆ ಅಪ್ಪ ಹುಣಿಸೇಹಣ್ಣು ಕಚ್ಚಿದವನ ಹಾಗೆ ಮುಖ ಮಾಡಿದ. ಎರಡನೇ ಹಾಡಿಗೆ ಏನೂ ಅನ್ನಲಿಲ್ಲ. ಮೂರನೇ ಹಾಡಿನಲ್ಲಿ ಡ್ರಮ್ ಇರಲಿಲ್ಲ. ಒಂದೇ ಗಿಟಾರ್, ಒಬ್ಬಳೇ ಹುಡುಗಿಯ ದನಿ. ಅಪ್ಪ ಕೈ ಚಾಚಿ ಸೌಂಡ್ ಸ್ವಲ್ಪ ಏರಿಸಿದ.

"ಏನು ಹೇಳ್ತಿದ್ದಾಳೆ ಇವಳು? ಅರ್ಧ ಅರ್ಥ ಆಗುತ್ತೆ, ಅರ್ಧ ಆಗಲ್ಲ."

"ಅಕ್ಕ ಹೇಳಿದ್ಲು. ಮನೆ ಖಾಲಿ ಮಾಡೋ ದಿನ ಗೋಡೆ ಮೇಲಿನ ಫೋಟೋ ತೆಗೀತಾರಂತೆ. ಅಲ್ಲಿ ಗುರುತು ಉಳಿದಿರುತ್ತಲ್ಲ, ಅದರ ಹಾಡು."

"ಬೆಳ್ಳಗೆ ಚೌಕಾಕಾರ ಉಳಿಯುತ್ತಲ್ಲ, ಅದಾ?"

"ಹೂಂ."

ಅಪ್ಪ ಹೆಬ್ಬೆರಳಿನಿಂದ ವ್ಯಾನಿನ ಹಿಂಭಾಗ ತೋರಿಸಿದ. "ಹಳೇ ಸೋಫಾದಲ್ಲೂ ಹಾಗೇ ಇರುತ್ತೆ. ಬಟ್ಟೆ ಬಿಚ್ಚಿದ್ರೆ ಸ್ಪಂಜಿನ ಮೇಲೆ ಕೂತವರ ಗುರುತು. ಯಾರು ಭಾರ, ಯಾರು ಹಗುರ, ಯಾರು ಯಾವಾಗಲೂ ಮೂಲೇಲೇ ಕೂರ್ತಿದ್ರು, ಎಲ್ಲಾ ಗೊತ್ತಾಗುತ್ತೆ."

ಹಾಡು ಮುಗಿಯಿತು. ಅವನೇ ಬಟನ್ ಒತ್ತಿ ಮತ್ತೆ ಅದನ್ನೇ ಹಾಕಿದ.

"ಇಂಥ ಹಾಡು ಕೇಳೋ ಹುಡುಗಿ," ಅಂದ, "ನನ್ನ ಸಿಡಿಗೆ ಯಾಕೆ ಹಾಗೆ ಮಾಡಿದ್ಲೋ."

ಸೂಜಿ ಪ್ಲೇಯರಿನ ಬಾಯಿಯತ್ತ ಬೆರಳು ತೋರಿಸಿದಳು.

"ಅವಳು ಮಾಡಿಲ್ಲ," ಅಂದಳು. "ಅದು ಇದರೊಳಗೇ ಇದೆ. ನಾನು ತುರುಕಿದ್ದು."

ಅಪ್ಪ ವ್ಯಾನನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಪ್ಲೇಯರ್ ಆಫ್ ಮಾಡಿದ. ಹಿಂದಿನಿಂದ ಬಂದ ಒಂದು ಲಾರಿ ಹಾರನ್ ಹೊಡೆಯುತ್ತ ಮುಂದೆ ಹೋಯಿತು.

"ಅವತ್ತೇ ಯಾಕೆ ಹೇಳಲಿಲ್ಲ?"

"ನೀವಿಬ್ಬರೂ ಕಿರುಚ್ತಾ ಇದ್ರಿ. ಆಮೇಲೆ... ಆಮೇಲೆ ಆಗಲಿಲ್ಲ."

ಅವನು ಬೈಯುತ್ತಾನೆ ಅಂತ ಸೂಜಿ ಕಾದಳು. ಅಪ್ಪ ಬೈಯಲಿಲ್ಲ. ಎರಡೂ ಕೈಯನ್ನು ಸ್ಟೇರಿಂಗ್ ಮೇಲಿಟ್ಟು ಮುಂದಿನ ಗಾಜನ್ನೇ ನೋಡುತ್ತಿದ್ದ.

"ಅವಳನ್ನ ಕಳ್ಳಿ ಅಂದೆನಲ್ಲ," ಅಂದ. ಅದು ಸೂಜಿಗೆ ಹೇಳಿದ ಮಾತಿನ ಹಾಗೆ ಇರಲಿಲ್ಲ.

ಮನೆಗೆ ಬಂದಾಗ ಅಕ್ಕ ಕಾಂಪಾಸ್ ಹಿಡಿದು ವೃತ್ತ ಬರೆಯುತ್ತಿದ್ದಳು. ಅಪ್ಪ ಚಪ್ಪಲಿ ಬಿಡುವುದನ್ನೂ ಮರೆತು ರೂಮಿನ ಬಾಗಿಲಲ್ಲಿ ನಿಂತ.

"ಅವತ್ತು ನಾನು ಹಾಗೆ ಅನ್ನಬಾರದಿತ್ತು. ಹಿಂದೆ ಮುಂದೆ ನೋಡದೆ ಅಂದುಬಿಟ್ಟೆ. ತಪ್ಪಾಯ್ತು, ಮಗಳೇ."

ಅಕ್ಕನ ವೃತ್ತ ಅರ್ಧಕ್ಕೇ ನಿಂತಿತು. ಅವಳು ಅಪ್ಪನನ್ನು ನೋಡಿದಳು, ಆಮೇಲೆ ಅವನ ಹಿಂದೆ ಇಣುಕುತ್ತಿದ್ದ ಸೂಜಿಯನ್ನು ನೋಡಿದಳು.

"ನಾನು ಜಗಳ ತಪ್ಪಿಸೋಣ ಅಂತ ಅಪ್ಪನ ಸಿಡಿ ಹಾಕೋಕೆ ಹೋದೆ," ಸೂಜಿ ಒಂದೇ ಉಸಿರಿಗೆ ಹೇಳಿದಳು. "ನಿನ್ನದು ಒಳಗಿತ್ತು. ಸಿಕ್ಕಾಕೊಂಡ್ತು. ಸಾರಿ ಅಕ್ಕ."

"ಹಾಗಿದ್ರೆ ನಿನಗೆ ಮೊದಲಿಂದಾನೂ ಗೊತ್ತಿತ್ತು."

"ಹೂಂ."

"ನನ್ನ ಪಕ್ಕದಲ್ಲೇ ಮಲಗ್ತೀಯ. ನಾನು ಅತ್ತಿದ್ದೂ ಗೊತ್ತಿತ್ತು."

ಸೂಜಿ ತಲೆಯಾಡಿಸಿದಳು. ಅಕ್ಕ ಪುಸ್ತಕದ ಕಡೆ ತಿರುಗಿ, ನಿಲ್ಲಿಸಿದ ಕಡೆಯಿಂದ ವೃತ್ತವನ್ನು ಮುಂದುವರಿಸಿದಳು. ಎರಡು ತುದಿಗಳು ಸರಿಯಾಗಿ ಕೂಡಲಿಲ್ಲ. ಅಳಿಸಿ ಮತ್ತೆ ಬರೆದಳು.

ಮರುದಿನ ವ್ಯಾನಿನ ಪ್ಲೇಯರ್ ಬಿಚ್ಚಿದ ಮೆಕ್ಯಾನಿಕ್ ಜೋರಾಗಿ ನಕ್ಕ. "ಒಂದು ಬಾಯಿಗೆ ಒಟ್ಟಿಗೇ ಎರಡು ತುತ್ತು ತುರುಕಿದ್ದೀರಲ್ಲ, ಸಾರ್!" ಅಂದ. ಅಕ್ಕನ ಸಿಡಿಗೆ ಗೀರು ಬಿದ್ದಿತ್ತು, ಆದರೂ ಓಡುತ್ತಿತ್ತು. ಅಪ್ಪನದು ಅಂಚಿನಿಂದ ನಡುವಿನವರೆಗೆ ಸೀಳಿಹೋಗಿತ್ತು. ಅಪ್ಪ ಅದನ್ನು ಅಂಗಿಯ ತುದಿಯಿಂದ ಒರೆಸಿ, ಕವರಿನಲ್ಲಿಟ್ಟು, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟುಕೊಂಡ.

ಸೋಮವಾರ ಅಕ್ಕ ಮತ್ತೆ ವ್ಯಾನ್ ಹತ್ತಿದಳು.

ವ್ಯಾನ್ ಮುಖ್ಯ ರಸ್ತೆಗೆ ಬಂತು. ಆಮೇಲೆ ಅಕ್ಕ ಕೇಳಿದಳು, "ಅಪ್ಪ, ನಿನ್ನ ಸಿಡೀಲಿ ಒಂದು ಹಾಡಿತ್ತಲ್ಲ, ಕಳೆದುಹೋದ ಮರಿ ಹುಡುಕೋದು. ಅದರಲ್ಲಿ ಕೊಳಲು ಮೊದಲು ಬರುತ್ತಾ, ಡೋಲಾ?"

"ಕಿವಿಗೆ ಬೆರಳಿಟ್ಟುಕೊಂಡವಳಿಗೆ ಮರಿ ಹುಡುಕೋದು ಹೆಂಗೆ ಗೊತ್ತಾಯ್ತು?"

"ಬೆರಳಲ್ಲಿ ಸಂದಿ ಇರುತ್ತಪ್ಪ."

ಅಪ್ಪ ನಕ್ಕ. "ಮೊದಲು ಕೊಳಲು," ಅಂದು, ಹಾಡಿಯೇ ತೋರಿಸಿದ. ಅವನ ದನಿ ಮೇಲೆ ಹೋಗಬೇಕಾದಲ್ಲಿ ಕೆಳಗೆ ಬಂತು. ಅಕ್ಕ "ಅಯ್ಯೋ, ಕುರಿ ಮರಿ ಓಡಿಹೋಗಿದ್ದೇ ಇದಕ್ಕೆ!" ಅಂದಳು. ಅಪ್ಪ ಸೋಲಲಿಲ್ಲ, ಎರಡನೇ ನುಡಿಯನ್ನೂ ಹಾಡಿದ. ಆಮೇಲೆ, ನಿನ್ನ ಆ ಗೋಡೆ ಹಾಡು ಹಾಕು ಅಂದ. ಅಕ್ಕ ಕಣ್ಣರಳಿಸಿದಳು. "ನಿನಗೆ ಮೂರನೇದು ಇಷ್ಟಾನಾ? ನನಗೂ ಅದೇ!"

ಇಬ್ಬರೂ ಮಾತಾಡುತ್ತಲೇ ಇದ್ದರು. ಸೂಜಿಗೂ ಏನಾದರೂ ಹೇಳಬೇಕೆನಿಸಿತು. ನಿಜ ಹೇಳಿಬಿಟ್ಟರೆ ಎಲ್ಲವೂ ಆ ಕ್ಷಣವೇ ಮೊದಲಿನ ಹಾಗೆ ಆಗುತ್ತದೆ ಅಂತ ಅವಳು ನಂಬಿದ್ದಳು. ಆದರೆ ಅಕ್ಕ ಭಾನುವಾರವಿಡೀ ಅವಳೊಂದಿಗೆ ಮಾತಾಡಿರಲಿಲ್ಲ. ಈಗಲೂ ಅವಳ ಕಡೆ ನೋಡುತ್ತಿರಲಿಲ್ಲ. "ನನ್ನ ಜೊತೆ ಮಾತಾಡು" ಅನ್ನುವ ಮಾತು ಸೂಜಿಯ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ಅಲ್ಲೇ ತಡೆದಳು. ಅಕ್ಕ ಎಷ್ಟು ದಿನ ಬಸ್ಸಿನಲ್ಲಿ ಒಬ್ಬಳೇ ಹೋಗಿದ್ದಳು ಅನ್ನುವುದು ಅವಳಿಗೆ ನೆನಪಿತ್ತು.

ತಿರುವಿನಲ್ಲಿ ವ್ಯಾನ್ ವಾಲಿತು. ಅಕ್ಕನ ಕಾಲಬಳಿಯಿದ್ದ ಸ್ಕೂಲ್ ಬ್ಯಾಗ್ ಜಾರಿ ಸೂಜಿಯ ಪಾದಕ್ಕೆ ಬಂದು ಒರಗಿತು. ಸೂಜಿ ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಭಾರವಾಗಿತ್ತು.

ಅಕ್ಕ ಬ್ಯಾಗನ್ನು ನೋಡಿದಳು. ಥ್ಯಾಂಕ್ಸ್ ಅನ್ನಲಿಲ್ಲ. ವಾಪಸ್ ಕಿತ್ತುಕೊಳ್ಳಲೂ ಇಲ್ಲ. ಮುಖ ತಿರುಗಿಸಿ ಅಪ್ಪನೊಂದಿಗೆ ಮಾತು ಮುಂದುವರಿಸಿದಳು.

ಸೂಜಿ ಬ್ಯಾಗಿನ ಪಟ್ಟಿ ಹಿಡಿದು, ಸ್ಕೂಲ್ ಗೇಟ್ ಬರುವವರೆಗೂ ಹಾಡು ಕೇಳುತ್ತ ಕೂತಳು.